ಬದುವಿನ ಬಾವಂಚಿ

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರಿ ಎಂದು ನಾವು ಪ್ರತಿವರ್ಷ ಮಕ್ಕಳಿಗೆ ಹೇಳುತ್ತೇವೆ. ಮಕ್ಕಳೂ ತುಳಸಿ, ಬೇವು, ಲೋಳಸರ ಎಂದು ಪಟ್ಟಿ ಹಾಕಿ, ಸಮೀಪದಲ್ಲಿರುವುದಕ್ಕೆ ಬೆಲೆಯಿಲ್ಲವೆಂದು ಮುಗಿಸಿ, ಹತ್ತಕ್ಕೆ ಏಳೋ ಎಂಟೋ ಅಂಕ ಪಡೆದುಕೊಳ್ಳುತ್ತಾರೆ. ಇಪ್ಪತ್ತು ವರ್ಷಗಳಿಂದ ಈ ಗಾದೆಯ ಉತ್ತರಗಳನ್ನು ತಿದ್ದುತ್ತ ಬಂದಿರುವ ನಮಗೆ, ಅದಕ್ಕೆ ಇನ್ನೊಂದು ಮಗ್ಗುಲೂ ಇದೆಯೆಂದು ತಿಳಿದದ್ದು ಹೋದ ವರ್ಷ. ತಿಳಿಸಿಕೊಟ್ಟದ್ದು ಹಿತ್ತಲ ಗಿಡವಲ್ಲ. ಹೊಲದ ಬದುವಿನ ಮೇಲೆ ಯಾರೂ ಬಿತ್ತದೆ ಬೆಳೆಯುವ ಒಂದು ಕಳೆ. ಅದರ ಹೆಸರು ಬಾವಂಚಿ. ವಾರ್ಷಿಕ ಸಂಚಿಕೆಗೆ ಏನಾದರೂ ಬರೆದುಕೊಡಿರೆಂದು ಸಂಪಾದಕ ಮಂಡಳಿಯ ಮಕ್ಕಳು ಕೇಳಿದಾಗ ನಮಗೆ ಬೇರೆ ವಿಷಯ ತೋಚಲಿಲ್ಲ. ತೋಚಿದ್ದರೂ ಈ ವರ್ಷ ಬೇರೊಂದನ್ನು ಬರೆಯುವುದು ನ್ಯಾಯವಾಗುತ್ತಿರಲಿಲ್ಲ.

ಬಾವಂಚಿಯನ್ನು ನೋಡದವರು ನಮ್ಮ ಶಾಲೆಯಲ್ಲಿ ಇರಲಾರರು. ಗುರುತಿಸಬಲ್ಲವರು ಮಾತ್ರ ಕಡಿಮೆ. ಮಳೆಗಾಲದಲ್ಲಿ ಹುಟ್ಟಿ ಮೊಣಕಾಲೆತ್ತರದಿಂದ ಎದೆಯೆತ್ತರದವರೆಗೆ ನೆಟ್ಟಗೆ ಬೆಳೆಯುವ ಗಿಡವಿದು. ತೊಗರಿ, ಹೆಸರು, ಕಡಲೆಗಳ ಕುಲಕ್ಕೆ ಸೇರಿದ್ದು. ಎಲೆ ಅಗಲ, ಅಂಚು ಹಲ್ಲುಹಲ್ಲು, ಮೈತುಂಬ ಕಪ್ಪು ಚುಕ್ಕೆ. ಎಲೆಯ ಕಂಕುಳಿನಿಂದ ಉದ್ದನೆಯ ತೊಟ್ಟು ಹೊರಟು, ಅದರ ತುದಿಗೆ ಸಣ್ಣ ಸಣ್ಣ ನೇರಿಳೆ ಹೂಗಳ ಗೊಂಚಲು ಕೂಡುತ್ತದೆ. ಚಳಿಗಾಲದ ಹೊತ್ತಿಗೆ ಕಾಯಿ ಬಲಿತು ಕಪ್ಪಾಗುತ್ತದೆ. ಒಂದು ಕಾಯಿಗೆ ಒಂದೇ ಬೀಜ. ಸಿಪ್ಪೆ ಬೀಜಕ್ಕೆ ಅಂಟಿಕೊಂಡೇ ಇರುತ್ತದೆ. ಬೆರಳಿನಲ್ಲಿ ತಿಕ್ಕಿದರೆ ಜಿಗುಟು, ಮೂಗಿಗೆ ಘಾಟು, ನಾಲಿಗೆಗೆ ಕಹಿ. ದನವೂ ಅಷ್ಟಾಗಿ ಬಾಯಿ ಹಾಕದ ಇಂಥ ಗಿಡವನ್ನು ಕುರ್ಚಿಗಿಯಿಂದ ಕೊಯ್ದು ಬೀಸಾಡುವುದೇ ನಮ್ಮ ಸೀಮೆಯ ರೂಢಿ.

ಹೆಸರುಗಳಿಗೆ ಮಾತ್ರ ಇದಕ್ಕೆ ಬಡತನವಿಲ್ಲ. ಸಂಸ್ಕೃತದಲ್ಲಿ ಬಾಕುಚಿ, ಸೋಮರಾಜಿ, ಅವಲ್ಗುಜ. ಮರಾಠಿಯಲ್ಲಿ ಬಾವಚಿ, ತೆಲುಗಿನಲ್ಲಿ ಬಾವಂಚಾಲು, ತಮಿಳಿನಲ್ಲಿ ಕಾರ್ಪೋಕರಿಸಿ. ಕನ್ನಡ ಶಾಲೆಯಲ್ಲಿ ಅಕ್ಷರ ಕಲಿತು, ಮರಾಠಿ ಶಾಲೆಯಲ್ಲಿ ಮುಂದಿನದನ್ನು ಓದಿದ ನಮ್ಮಂಥವರಿಗೆ ಒಂದು ವಸ್ತುವಿಗೆ ಎರಡು ಹೆಸರಿರುವುದು ಹೊಸದಲ್ಲ. ಮನೆಯಲ್ಲಿ ಅವ್ವ ಬಾವಂಚಿ ಎನ್ನುತ್ತಿದ್ದಳು. ಶಾಲೆಯಲ್ಲಿ ಗುರುಗಳು ಬಾವಚಿ ಎನ್ನುತ್ತಿದ್ದರು. ಗಿಡ ಒಂದೇ ಆಗಿತ್ತು. 1753ರಲ್ಲಿ ಸ್ವೀಡನ್ನಿನ ಲಿನ್ನೇಯಸ್ ಇದಕ್ಕೆ ಸೊರಾಲಿಯಾ ಕೊರಿಲಿಫೋಲಿಯಾ ಎಂದು ಹೆಸರಿಟ್ಟನು. ಸೊರಾಲಿಯಾ ಎಂಬುದರ ಮೂಲ ಗ್ರೀಕ್ ಮಾತು. ಹಕ್ಕಳೆಗಟ್ಟಿದ್ದು, ಕಜ್ಜಿಯಂಥದು ಎಂದು ಅರ್ಥ. ಎಲೆಯ ಮೇಲಿನ ಚುಕ್ಕೆಗಳಿಂದ ಆ ಹೆಸರು ಬಂತು. ಈಗಿನ ಸಸ್ಯಶಾಸ್ತ್ರಜ್ಞರು ಇದನ್ನು ಕಲ್ಲೆನ್ ಕೊರಿಲಿಫೋಲಿಯಂ ಎಂದು ಕರೆಯುತ್ತಾರೆ.

ನಮಗೆ ಈ ಗಿಡದ ಪರಿಚಯ ಪುಸ್ತಕದಿಂದ ಆದುದಲ್ಲ. ಅವ್ವನ ಕೈಯಿಂದ ಆದದ್ದು.

ನಾವು ನಾಲ್ಕನೆಯ ಇಯತ್ತೆಯಲ್ಲಿದ್ದಾಗ ಅವ್ವನ ಬಲಗೈಯ ಬೆರಳುಗಳ ಮೇಲೆ ಬಿಳಿಯ ಮಚ್ಚೆ ಕಾಣಿಸಿಕೊಂಡಿತು. ವರ್ಷ ತುಂಬುವುದರೊಳಗೆ ಅದು ಮುಂಗೈಗೂ ಏರಿತು. ತೊನ್ನು ಅಂಟುರೋಗವಲ್ಲ, ಕುಷ್ಠವೂ ಅಲ್ಲ. ಚರ್ಮಕ್ಕೆ ಬಣ್ಣ ಕೊಡುವ ಕಣಗಳು ಕೆಲವೆಡೆ ಇಲ್ಲವಾಗುವುದಷ್ಟೆ. ಇದು ಇಂದು ಪಾಠಪುಸ್ತಕದ ಮಾತು. ಅಂದು ನಮ್ಮೂರಿನಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ. ಹೊಲದಲ್ಲಿ ಜೊತೆಗೆ ಕೂತು ಬುತ್ತಿ ಬಿಚ್ಚುತ್ತಿದ್ದವರು ಸ್ವಲ್ಪ ಸರಿದು ಕೂತರು. ಅವ್ವ ಬಡಿದ ರೊಟ್ಟಿಯನ್ನು ಮುಟ್ಟದೆ ಎದ್ದುಹೋದ ಬೀಗರನ್ನು ನಾವು ಕಣ್ಣಾರೆ ಕಂಡಿದ್ದೇವೆ. ಅಕ್ಕನನ್ನು ನೋಡಲು ಬಂದ ಎರಡು ಕಡೆಯವರು ಹುಡುಗಿಯನ್ನು ಒಪ್ಪಿ, ತಾಯಿಯ ಕೈ ನೋಡಿ, ಆಮೇಲೆ ತಿಳಿಸುತ್ತೇವೆಂದು ಹೋದವರು ತಿಳಿಸಲೇ ಇಲ್ಲ.

ಆಗ ಯಾರೋ ಹೇಳಿದರೆಂದು ನಾಟಿ ಔಷಧ ಕೊಡುವವರೊಬ್ಬರಲ್ಲಿಗೆ ಅಪ್ಪ ಅವ್ವನನ್ನು ಕರೆದೊಯ್ದರು. ಅವರು ಕಪ್ಪು ಬೀಜಗಳ ಒಂದು ಪೊಟ್ಟಣ ಕೊಟ್ಟು, ಅರೆದು ಮಚ್ಚೆಗೆ ಹಚ್ಚಿ ಬಿಸಿಲಿನಲ್ಲಿ ಕೂಡ್ರಬೇಕೆಂದು ಹೇಳಿ ಕಳಿಸಿದರು. ಅವ್ವ ಹಾಗೆಯೇ ಮಾಡಿದಳು. ಕೂಡ್ರುವುದಕ್ಕೆ ಅವಳಿಗೆ ಬೇರೆ ವೇಳೆ ಎಲ್ಲಿಯದು? ಔಷಧ ಹಚ್ಚಿಕೊಂಡು ಇಡೀ ದಿನ ಕಳೆ ತೆಗೆದಳು. ಮೂರನೆಯ ದಿನ ಮುಂಗೈಯೆಲ್ಲ ಕೆಂಡದಂತಾಗಿ, ನೆಲ್ಲಿಕಾಯಿಯಷ್ಟು ದಪ್ಪ ಬೊಬ್ಬೆಗಳೆದ್ದವು. ಹದಿನೈದು ದಿನ ಅಕ್ಕನೇ ಅವಳಿಗೆ ತುತ್ತು ಮಾಡಿ ಉಣ್ಣಿಸಿದಳು. ಗಾಯ ಮಾಗಿದ ಮೇಲೆ ಸೋಜಿಗವೊಂದು ನಡೆಯಿತು. ಮುಂಗೈಯ ಬಿಳುಪಿನ ನಡುವೆ, ಒಂದೊಂದು ಕೂದಲಿನ ಬುಡದ ಸುತ್ತ, ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆಗಳು ಮೂಡಿದವು. ಅವು ಹರಡಿ ಕೂಡಿಕೊಂಡು ಅರ್ಧ ಮುಂಗೈ ಮರಳಿ ಬಣ್ಣಕ್ಕೆ ಬಂತು. ಬೆರಳುಗಳು ಮಾತ್ರ ಬಿಳಿಯಾಗಿಯೇ ಉಳಿದವು. ಇಂದಿಗೂ ಹಾಗೆಯೇ ಇವೆ. ಬೊಬ್ಬೆಯ ಹೆದರಿಕೆಗೆ ಅವ್ವ ಉಳಿದ ಬೀಜವನ್ನು ಬಚ್ಚಲಿನ ಒಲೆಗೆ ಹಾಕಿದಳು. ಆ ಘಾಟು ನಮ್ಮ ಮೂಗಿನಲ್ಲಿ ಇನ್ನೂ ಇದೆ.

ಅದಾದ ಮೂವತ್ತೈದು ವರ್ಷಗಳ ಮೇಲೆ, ಹೋದ ದೀಪಾವಳಿಗೆ, ಪುಣೆಯಲ್ಲಿ ನೌಕರಿಯಲ್ಲಿರುವ ಅಕ್ಕನ ಮಗಳು ನಮಗೊಂದು ಸಣ್ಣ ಸೀಸೆ ತಂದುಕೊಟ್ಟಳು. "ಚಿಗವ್ವಾ, ಕಣ್ಣಿನ ಬಾಜೂಕ ಗೆರಿ ಬಿದ್ದಾವು. ದಿನಾ ರಾತ್ರಿ ಎರಡು ಹನಿ ಹಚ್ಚಿಕೋ, ಮುಖ ಮೆತ್ತಗಾಗ್ತದ" ಎಂದಳು. ಗೆರೆಗಳನ್ನು ನಾವೂ ಕಂಡಿದ್ದೆವು. ಬೀಳ್ಕೊಡುಗೆ ಸಮಾರಂಭದ ಭಾವಚಿತ್ರದಲ್ಲಿ ಮಕ್ಕಳ ನಡುವೆ ಕುಳಿತಿದ್ದ ಆ ದಣಿದ ಮುಖ ಯಾರದೆಂದು ಒಂದು ಗಳಿಗೆ ಹೊಳೆದಿರಲಿಲ್ಲ. ನಲವತ್ತು ದಾಟಿದವರು ಕನ್ನಡಿಯ ಮುಂದೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ ಎನ್ನುತ್ತಾರೆ. ನಿಲ್ಲುತ್ತೇವೆ, ಹೇಳಿಕೊಳ್ಳುವುದಿಲ್ಲ ಅಷ್ಟೆ. ಸೀಸೆಯ ಬೆಲೆ ಆರುನೂರು ರೂಪಾಯಿ ಎಂದು ಕೇಳಿ ಎದೆ ಧಸಕ್ಕೆಂದಿತು. ಕನ್ನಡಕ ಹಾಕಿಕೊಂಡು ಚೀಟಿ ಓದಿದೆವು. ಬಾಕುಚಿಯೋಲ್ ಎಂದಿತ್ತು. ಓದಿದ ಕೂಡಲೇ ಬಚ್ಚಲೊಲೆಯ ಆ ಘಾಟು ನೆನಪಾಯಿತು.

ಇಲ್ಲಿಯವರೆಗೆ ನಡೆದುದರಲ್ಲಿ ನಮ್ಮ ತಪ್ಪಿಲ್ಲ. ಮುಂದಿನದು ನಮ್ಮದು.

ಡಿಸೆಂಬರಿನ ಒಂದು ಮಧ್ಯಾಹ್ನ ಒಂಬತ್ತನೆಯ ಇಯತ್ತೆಗೆ ತತ್ಸಮ, ತದ್ಭವ ಕಲಿಸುತ್ತಿದ್ದೆವು. ಊಟವಾದ ಮೇಲಿನ ತಾಸು. ಮಕ್ಕಳ ಕಣ್ಣು ಎಳೆಯುತ್ತಿದ್ದವು. ಪುಸ್ತಕದ ಉದಾಹರಣೆಗಳನ್ನು ಬಿಟ್ಟು, ಬಾಕುಚಿ ಎಂಬುದು ಜನರ ಬಾಯಲ್ಲಿ ಸವೆದು ಬಾವಂಚಿ ಆದುದನ್ನು ಹೇಳಿದೆವು. ಮಕ್ಕಳು ಎಚ್ಚರಾದರು. ಉತ್ಸಾಹ ಬಂದು ಮುಂದುವರಿಸಿದೆವು: "ನಿಮ್ಮ ಹೊಲದ ಬದುವಿನಲ್ಲಿ ನೀವು ತುಳಿದು ಹೋಗುವ ಈ ಬಾವಂಚಿಯ ಬೀಜದಿಂದ ತೆಗೆದ ಸಾರವನ್ನೇ ಪುಣೆ, ಮುಂಬಯಿಗಳಲ್ಲಿ ಸೀಸೆಯಲ್ಲಿ ತುಂಬಿ ಆರುನೂರು ರೂಪಾಯಿಗೆ ಮಾರುತ್ತಾರೆ. ಹಚ್ಚಿಕೊಂಡರೆ ಮುಖದ ಸುಕ್ಕು, ಕಲೆ ಕಡಿಮೆಯಾಗುತ್ತವಂತೆ. ವಿದೇಶದವರಿಗೆ ಬೆಲೆ ತಿಳಿದಿದೆ, ನಮಗೆ ತಿಳಿದಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂದರೆ ಇದೇ." ಮಕ್ಕಳು ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಗಂಟೆ ಹೊಡೆಯಿತು. ಚಪ್ಪಾಳೆಯ ಸಂತೋಷದಲ್ಲಿ ನಾವು ಖಡು, ಹಾಜರಿ ಪುಸ್ತಕ ಎತ್ತಿಕೊಂಡು ಹೊರಬಿದ್ದೆವು. ಅವ್ವನ ಕೈಯ ಕಥೆ ಹೇಳಲಿಲ್ಲ.

ಆ ವರ್ಗದಲ್ಲಿ ಒಬ್ಬ ಹುಡುಗಿ ಇದ್ದಳು. ಅವಳ ಹೆಸರು ಇಲ್ಲಿ ಬೇಡ. ಇದನ್ನು ಬರೆಯಿರೆಂದು ಅವಳೂ ಅವಳ ತಾಯಿಯೂ ಒಪ್ಪಿಗೆ ಕೊಟ್ಟಿದ್ದಾರೆ. ಅವಳ ಕೆನ್ನೆಯ ಮೇಲೆ ಮೊಡವೆಯ ಕಲೆಗಳಿದ್ದವು. ಸ್ನೇಹಸಮ್ಮೇಳನದ ಕೋಲಾಟದಲ್ಲಿ ಅವಳು ಮುಂದಿನ ಸಾಲಿನಲ್ಲಿ ನಿಲ್ಲುವವಳು. ಭಾನುವಾರ ಬೆಳಿಗ್ಗೆ ಬದುವಿನಿಂದ ಬೀಜ ಉದುರಿಸಿ ತಂದು, ಕೊಬ್ಬರಿ ಎಣ್ಣೆಯಲ್ಲಿ ಅರೆದು ಎರಡೂ ಕೆನ್ನೆಗೆ ಹಚ್ಚಿಕೊಂಡಳು. ಬಳಿಕ ತಾಯಿಯೊಡನೆ ತೊಗರಿ ಕೊಯ್ಲಿಗೆ ಹೋದಳು. ಆ ದಿನ ಏನೂ ಆಗಲಿಲ್ಲ. ಸೋಮವಾರ ಸಂಜೆ ಕೆನ್ನೆ ಕೆಂಪಾಗಿ ಉರಿಯತೊಡಗಿತು. ಮಂಗಳವಾರ ಬೊಬ್ಬೆಗಳೆದ್ದು ಒಂದು ಕಣ್ಣು ಮುಚ್ಚಿಹೋಯಿತು.

ಬುಧವಾರ ಅವಳ ತಾಯಿ ಶಾಲೆಗೆ ಬಂದು ವರಾಂಡದಲ್ಲಿ ನಿಂತರು. ದನಿ ಎತ್ತಲಿಲ್ಲ. "ಅಕ್ಕೋರ, ಬೈಯಾಕ ಬಂದಿಲ್ಲರಿ. ಇದು ಮುಖಕ್ಕ ಛಲೋ ಅಂತ ಅಕ್ಕೋರು ಹೇಳ್ಯಾರ ಅಂತಾಳ ಹುಡುಗಿ. ನೀವು ಹೇಳಿದ್ದು ಖರೇ ಏನ್ರಿ?" ಎಂದು ಕೇಳಿದರು.

"ಖರೇನವ್ವಾ. ಆದರ ಪೂರಾ ಹೇಳಲಿಲ್ಲ" ಎಂದೆವು. ಅದಕ್ಕಿಂತ ಹೆಚ್ಚು ಹೇಳಲು ಬಾಯಿ ಬರಲಿಲ್ಲ. ಅದೇ ದಿನ ಅವರಿಬ್ಬರನ್ನು ಕರೆದುಕೊಂಡು ಸೋಲಾಪುರದ ಚರ್ಮವೈದ್ಯರಲ್ಲಿಗೆ ಹೋದೆವು. ವೈದ್ಯರು ಬೀಜದ ಹೆಸರು ಕೇಳಿದೊಡನೆ ತಲೆಯಾಡಿಸಿದರು. ಇದು ಬಿಸಿಲೂ ಬೀಜವೂ ಕೂಡಿ ಮಾಡಿದ ಸುಟ್ಟ ಗಾಯ. ಮಾಗುತ್ತದೆ, ಆದರೆ ಕೆಲವು ತಿಂಗಳು ಕಪ್ಪು ಕಲೆ ಉಳಿಯುತ್ತದೆ. ಬಿಸಿಲಿಗೆ ಮುಖ ಒಡ್ಡಬಾರದು ಎಂದು ಹೇಳಿ ಔಷಧ ಬರೆದುಕೊಟ್ಟರು. ಹುಡುಗಿ ಕೋಲಾಟಕ್ಕೆ ಬರಲಿಲ್ಲ. ಮುಂದಿನ ಸಾಲಿನಲ್ಲಿ ಅವಳ ಜಾಗದಲ್ಲಿ ಬೇರೊಬ್ಬಳು ನಿಂತಳು. ನಾವು ಆ ದಿನ ವೇದಿಕೆಯ ಕಡೆಗೆ ನೋಡದೆ ಕುರ್ಚಿಗಳ ವ್ಯವಸ್ಥೆ ನೋಡಿಕೊಂಡೆವು.

ಮನೆಗೆ ಬಂದು ಅವ್ವನಿಗೆ ಎಲ್ಲವನ್ನೂ ಹೇಳಿದೆವು. ಅವಳಿಗೀಗ ಎಪ್ಪತ್ತು ದಾಟಿದೆ. ಸೀಸೆಯನ್ನು ಕೈಗೆ ಕೊಟ್ಟಾಗ ಮೂಸಿ ನೋಡಿ, "ಇದರಾಗ ಆ ವಾಸನಿ ಇಲ್ಲಲ್ಲ" ಎಂದಳು. ಆಮೇಲೆ ತನ್ನ ಬಿಳಿ ಬೆರಳುಗಳನ್ನು ನೋಡಿಕೊಂಡು, "ಅವಾ ಬಿಸಲಾಗ ಕುಂದ್ರು ಅಂದ. ಎಷ್ಟೊತ್ತು ಕುಂದ್ರಬೇಕು ಅನ್ನೂದು ಹೇಳಲಿಲ್ಲ. ನಾನೂ ಕೇಳಲಿಲ್ಲ" ಎಂದಳು. ಮೂವತ್ತೈದು ವರ್ಷಗಳಿಂದ ಆ ಔಷಧದವರನ್ನು ನಾವು ಮನಸ್ಸಿನಲ್ಲಿ ಬೈಯುತ್ತಿದ್ದೆವು. ಈಗ ನಾವೂ ಅವರೂ ಒಂದೇ ಸಾಲಿನಲ್ಲಿ ನಿಂತಂತಾಯಿತು.

ಅಂದಿನಿಂದ ಎರಡು ತಿಂಗಳು, ಶಾಲೆಯ ವಿಜ್ಞಾನ ಶಿಕ್ಷಕರ ನೆರವಿನಿಂದ, ಈ ಬೀಜದ ವಿಷಯವಾಗಿ ಸಿಕ್ಕಿದ್ದನ್ನೆಲ್ಲ ಓದಿದೆವು. ತಿಳಿದದ್ದನ್ನು ಇಲ್ಲಿ ಪೂರಾ ಹೇಳುತ್ತೇವೆ. ಮಕ್ಕಳು ದಯವಿಟ್ಟು ಈ ಭಾಗವನ್ನು ಬಿಟ್ಟು ಓದಬಾರದು.

ಆ ಸಣ್ಣ ಕಪ್ಪು ಬೀಜದಲ್ಲಿ ಅನೇಕ ದ್ರವ್ಯಗಳಿವೆ. ಅವುಗಳಲ್ಲಿ ಎರಡು ನಮಗೆ ಮುಖ್ಯ. ಒಂದು ಸೊರಾಲೆನ್, ಇನ್ನೊಂದು ಬಾಕುಚಿಯೋಲ್. ಇವೆರಡೂ ಒಂದೇ ಮನೆಯಲ್ಲಿ ಹುಟ್ಟಿದರೂ ಗುಣದಲ್ಲಿ ಬೇರೆ ಬೇರೆಯಾದ ಅಕ್ಕತಂಗಿಯರು.

ಸೊರಾಲೆನ್ ಬಿಸಿಲನ್ನು ಕರೆಯುವ ದ್ರವ್ಯ. ಬಿಸಿಲಿನಲ್ಲಿ ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳಿವೆಯಷ್ಟೆ. ಅವುಗಳಲ್ಲಿ ನೀಳ ಅಲೆಯವು ಬಿದ್ದಾಗ, ಚರ್ಮದ ಜೀವಕಣಗಳಲ್ಲಿ ಸೇರಿಕೊಂಡಿರುವ ಸೊರಾಲೆನ್ ಅಲ್ಲಿನ ಆನುವಂಶಿಕ ದ್ರವ್ಯಕ್ಕೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಜೀವಕಣ ಕೆಡುತ್ತದೆ, ಚರ್ಮ ಕೆಂಪಾಗುತ್ತದೆ, ಹೆಚ್ಚಾದರೆ ಬೊಬ್ಬೆ ಏಳುತ್ತದೆ. ಇದು ಕೂಡಲೇ ಕಾಣುವುದಿಲ್ಲ. ಒಂದು ದಿನ ಕಳೆದು ಶುರುವಾಗಿ, ಎರಡು ಮೂರನೆಯ ದಿನ ಉಲ್ಬಣವಾಗುತ್ತದೆ. ಆದುದರಿಂದಲೇ ಜನ ಮೋಸಹೋಗುತ್ತಾರೆ. ಹಚ್ಚಿಕೊಂಡ ದಿನ ಏನೂ ಆಗಲಿಲ್ಲವೆಂದು ಮರುದಿನವೂ ಹಚ್ಚಿಕೊಳ್ಳುತ್ತಾರೆ. ಗಾಯ ಮಾಗಿದ ಮೇಲೆ ಆ ಜಾಗದಲ್ಲಿ ಬಣ್ಣದ ಕಣಗಳು ಚುರುಕಾಗಿ ಚರ್ಮ ಕಪ್ಪಾಗುತ್ತದೆ.

ಕಪ್ಪಾಗಿಸುವ ಈ ಗುಣವೇ ತೊನ್ನಿಗೆ ಮದ್ದಾಯಿತು. ನಮ್ಮ ಆಯುರ್ವೇದದವರು ಶ್ವಿತ್ರಕ್ಕೆ ಬಾಕುಚಿಯನ್ನು ಬಹು ಹಿಂದಿನಿಂದ ಬಳಸುತ್ತ ಬಂದಿದ್ದಾರೆ. 1933ರಲ್ಲಿ ಜೋಯಿಸ್, ಮಂಜುನಾಥ್, ವೆಂಕಟರಾವ್ ಎಂಬ ಮೂವರು ರಸಾಯನಶಾಸ್ತ್ರಜ್ಞರು ಬಾವಂಚಿ ಬೀಜದ ರಾಸಾಯನಿಕ ಪರೀಕ್ಷೆಯನ್ನು ಪ್ರಕಟಿಸಿದರು. ಈಜಿಪ್ಟಿನಲ್ಲಿಯೂ ಇದೇ ಬಗೆಯ ದ್ರವ್ಯವಿರುವ ಬೇರೊಂದು ಗಿಡವನ್ನು ಜನ ಇದೇ ಕೆಲಸಕ್ಕೆ ಬಳಸುತ್ತಿದ್ದರು. 1940ರ ದಶಕದಲ್ಲಿ ಕೈರೋದ ವೈದ್ಯ ಅಬ್ದೆಲ್ ಮೋನೆಮ್ ಎಲ್ ಮೋಫ್ತಿ ಅದರ ಶುದ್ಧ ದ್ರವ್ಯವನ್ನು ತೊನ್ನಿನ ರೋಗಿಗಳಿಗೆ ಕೊಟ್ಟು ನೋಡಿದರು. 1974ರಲ್ಲಿ ಅಮೆರಿಕದ ವೈದ್ಯರು ಸೊರಾಲೆನ್ ವರ್ಗದ ಔಷಧ ಕೊಟ್ಟು, ಅಳೆದ ಕಿರಣಗಳನ್ನು ಹಾಯಿಸಿ ಸೋರಿಯಾಸಿಸ್ ಎಂಬ ಚರ್ಮರೋಗಕ್ಕೆ ಚಿಕಿತ್ಸೆ ಮಾಡಿದರು. ಆಸ್ಪತ್ರೆಯಲ್ಲಿ ಔಷಧಕ್ಕೂ ಅಳತೆಯುಂಟು, ಬೆಳಕಿಗೂ ಅಳತೆಯುಂಟು. ಅವ್ವನಿಗೆ ಸಿಕ್ಕ ಔಷಧವೂ ಅದೇ, ಬಿಸಿಲೂ ಅದೇ, ಇಲ್ಲದಿದ್ದುದು ಅಳತೆಯೊಂದೇ. ಕೂದಲಿನ ಬುಡದಲ್ಲಿ ಬಣ್ಣದ ಕಣಗಳು ಅಡಗಿ ಉಳಿದಿರುತ್ತವೆ, ಅಲ್ಲಿಂದ ಬಣ್ಣ ಮರಳುತ್ತದೆ. ಬೆರಳ ತುದಿಗಳಲ್ಲಿ ಕೂದಲಿಲ್ಲದುದರಿಂದ ಅಲ್ಲಿ ಮರಳುವುದು ಕಷ್ಟ. ಅವ್ವನ ಮುಂಗೈಯ ಸಾಸಿವೆ ಚುಕ್ಕೆಗಳ ಒಗಟು ನಮಗೆ ಈ ವಯಸ್ಸಿನಲ್ಲಿ ಬಿಡಿಸಿತು.

ಇನ್ನು ಬಾಕುಚಿಯೋಲ್. ಇದನ್ನು ಮೊದಲು ಬೇರ್ಪಡಿಸಿ ಹೆಸರಿಟ್ಟವರು ವಿದೇಶದವರಲ್ಲ. ನಮ್ಮ ಊರಿನಿಂದ ಸುಮಾರು ಮುನ್ನೂರು ಕಿಲೋಮೀಟರ್ ದೂರದ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ಗೋವರ್ಧನ ಮೆಹತಾ, ಯು. ಆರ್. ನಾಯಕ್, ಸುಖದೇವ್ ಎಂಬವರು 1966ರಲ್ಲಿ ಇದನ್ನು ಪ್ರಕಟಿಸಿದರು. ಅವರಲ್ಲಿ ಗೋವರ್ಧನ ಮೆಹತಾ ಅವರು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ನಿರ್ದೇಶಕರಾದರು. ವಿದೇಶದವರಿಗೆ ಮಾತ್ರ ಬೆಲೆ ತಿಳಿದಿದೆ ಎಂದು ನಾವು ವರ್ಗದಲ್ಲಿ ಆಡಿದ ಮಾತು ಹೀಗೆ ಇನ್ನೊಂದು ತಪ್ಪು. ಅದನ್ನೂ ಇಲ್ಲಿಯೇ ತಿದ್ದಿಕೊಳ್ಳುತ್ತೇವೆ.

ಮುಖದ ಸುಕ್ಕಿಗೂ ಇದಕ್ಕೂ ನಂಟು ಬಂದದ್ದು ಬಹಳ ತಡವಾಗಿ. ಸುಕ್ಕನ್ನು ಮೆತ್ತಗಾಗಿಸುವುದರಲ್ಲಿ ಹೆಸರಾದದ್ದು ಎ ಜೀವಸತ್ವದ ಬಳಗ, ರೆಟಿನಾಲ್ ಅದರಲ್ಲೊಂದು. ಅದು ಕೆಲಸ ಮಾಡುತ್ತದೆ. ಆದರೆ ಹಲವರ ಚರ್ಮ ಉರಿದು ಸಿಪ್ಪೆ ಏಳುತ್ತದೆ, ಬೆಳಕಿಗೆ ಅದು ಕೆಡುತ್ತದೆ, ಗರ್ಭಿಣಿಯರು ಹಚ್ಚಬಾರದೆಂದು ವೈದ್ಯರು ಹೇಳುತ್ತಾರೆ. 2014ರಲ್ಲಿ ಇಬ್ಬರು ಸಂಶೋಧಕರು, ಬಾಕುಚಿಯೋಲ್ ರೂಪದಲ್ಲಿ ರೆಟಿನಾಲನ್ನು ಸ್ವಲ್ಪವೂ ಹೋಲದಿದ್ದರೂ ಚರ್ಮದ ಕಣಗಳಲ್ಲಿ ಅದರಂತೆಯೇ ಕೆಲಸ ಮಾಡುತ್ತದೆಂದು ತೋರಿಸಿದರು. 2019ರಲ್ಲಿ ಬ್ರಿಟನ್ನಿನ ಚರ್ಮವೈದ್ಯರ ಪತ್ರಿಕೆಯಲ್ಲಿ ಒಂದು ಪರೀಕ್ಷೆಯ ವರದಿ ಅಚ್ಚಾಯಿತು. 44 ಜನರನ್ನು ಎರಡು ಗುಂಪು ಮಾಡಿ, 12 ವಾರ, ಒಂದು ಗುಂಪಿಗೆ ನೂರಕ್ಕೆ ಅರ್ಧ ಪಾಲು ಬಾಕುಚಿಯೋಲ್ ಇರುವ ಲೇಪವನ್ನು ದಿನಕ್ಕೆರಡು ಸಲ, ಇನ್ನೊಂದಕ್ಕೆ ಅಷ್ಟೇ ರೆಟಿನಾಲನ್ನು ದಿನಕ್ಕೊಂದು ಸಲ ಹಚ್ಚಿಸಿದರು. ಎರಡೂ ಗುಂಪಿನಲ್ಲಿ ಸುಕ್ಕೂ ಕಪ್ಪು ಕಲೆಯೂ ಕಡಿಮೆಯಾದವು. ಹೇಳಿಕೊಳ್ಳುವಂಥ ಹೆಚ್ಚುಕಡಿಮೆ ಇರಲಿಲ್ಲ. ಉರಿ ಮತ್ತು ಸಿಪ್ಪೆ ಏಳುವುದು ರೆಟಿನಾಲ್ ಗುಂಪಿನಲ್ಲಿ ಹೆಚ್ಚು. ಇದು ಒಳ್ಳೆಯ ಸುದ್ದಿಯೇ. ಆದರೆ 44 ಜನ ಎಂದರೆ ನಮ್ಮ ಒಂದು ವರ್ಗದಷ್ಟು. 12 ವಾರ ಎಂದರೆ ಒಂದು ಶಾಲಾ ಅವಧಿಗಿಂತ ಕಡಿಮೆ. ಸುಕ್ಕು ಕಡಿಮೆಯಾಯಿತು ಎಂದರೆ ಮಾಯವಾಯಿತು ಎಂದಲ್ಲ.

ಈಗ ವಿಷಯದ ತಿರುಳಿಗೆ ಬರೋಣ. ಲೇಪಗಳಿಗೆ ಬಳಸುವುದು ಶುದ್ಧ ಮಾಡಿದ ಬಾಕುಚಿಯೋಲನ್ನು; ಸೊರಾಲೆನ್ ಅದರಲ್ಲಿ ಉಳಿಯದಂತೆ ತೆಗೆದುಹಾಕಿರಬೇಕು. ಅವ್ವ ಮೂಸಿ ಹೇಳಿದ ಮಾತು ಎಷ್ಟು ಸರಿ! ಕಲ್ಲಿನಲ್ಲಿ ಅರೆದ ಬೀಜದಲ್ಲಾಗಲಿ, ಬಾವಂಚಿಯ ಎಣ್ಣೆಯೆಂದು ಮಾರುವ ಕಚ್ಚಾ ಎಣ್ಣೆಯಲ್ಲಾಗಲಿ ಎರಡೂ ಕೂಡಿಯೇ ಇರುತ್ತವೆ. ಕಲೆಯನ್ನು ತಿಳಿಯಾಗಿಸುವುದೂ, ಕಪ್ಪಾಗಿಸುವುದೂ ಒಂದೇ ಬೀಜದೊಳಗೆ. ಅವ್ವನಿಗೆ ಕಪ್ಪು ಬಣ್ಣ ಬೇಕಿತ್ತು. ನಮ್ಮ ಹುಡುಗಿಗೆ ಕಲೆ ಹೋಗಬೇಕಿತ್ತು. ಇಬ್ಬರೂ ಅದೇ ಬೀಜ ಅರೆದರು, ಇಬ್ಬರೂ ಸುಟ್ಟುಕೊಂಡರು. ಅರೆಯುವ ಕಲ್ಲಿಗೆ ಬೇರ್ಪಡಿಸುವ ವಿದ್ಯೆ ತಿಳಿಯದು.

ಇಷ್ಟನ್ನೆಲ್ಲ ಓದುವಾಗ ಇನ್ನೊಂದು ಮಾತು ನಮ್ಮ ಮನಸ್ಸಿಗೆ ನಾಟಿತು. ಮುಖದಲ್ಲಿ ಸುಕ್ಕು ಬೀಳುವುದಕ್ಕೆ ವಯಸ್ಸು ಒಂದು ಕಾರಣವಾದರೆ, ಬಿಸಿಲು ಅದಕ್ಕಿಂತ ದೊಡ್ಡ ಕಾರಣ. ಚರ್ಮವನ್ನು ಬಿಗಿಯಾಗಿ ಹಿಡಿದಿರುವ ಒಳಗಿನ ನಾರುಗಳನ್ನು ಅತಿನೇರಳೆ ಕಿರಣಗಳು ವರ್ಷಗಟ್ಟಲೆ ಕಡಿಯುತ್ತ ಬರುತ್ತವೆ. ಆಸ್ಟ್ರೇಲಿಯದಲ್ಲಿ 903 ಜನರ ಮೇಲೆ ನಾಲ್ಕೂವರೆ ವರ್ಷ ಮಾಡಿದ ಒಂದು ಪರೀಕ್ಷೆಯ ಫಲ 2013ರಲ್ಲಿ ಪ್ರಕಟವಾಯಿತು. ದಿನಾಲು ಬಿಸಿಲು ತಡೆಯುವ ಲೇಪ ಹಚ್ಚಿದವರ ಚರ್ಮ, ಮನಸ್ಸಿಗೆ ಬಂದಾಗ ಹಚ್ಚಿದವರದಕ್ಕಿಂತ ನೂರಕ್ಕೆ 24ರಷ್ಟು ಕಡಿಮೆ ಮುಪ್ಪಾಗಿತ್ತು. ಇದನ್ನು ಓದಿ ನಾವು ಅವ್ವನ ಹಳೆಯ ಭಾವಚಿತ್ರ ತೆಗೆದು ನೋಡಿದೆವು. ನಮ್ಮ ಈಗಿನ ವಯಸ್ಸಿನಲ್ಲಿ ಅವಳು ಅರವತ್ತರವಳಂತೆ ಕಾಣುತ್ತಿದ್ದಳು. ನಾವು ಹಂಚಿನ ಸೂರಿನ ಕೆಳಗೆ ನಿಂತು ಪಾಠ ಹೇಳಿದ್ದೇವೆ; ಅವಳು ಸೂರಿಲ್ಲದ ಕಡೆ ಜೋಳ ಕೊಯ್ದಳು, ತೊಗರಿ ಬಡಿದಳು, ನಮ್ಮ ಶುಲ್ಕ ಕಟ್ಟಿದಳು. ನಮ್ಮ ಮುಖದಲ್ಲಿ ತಡವಾಗಿ ಬಿದ್ದ ಗೆರೆಗಳು ಅವಳ ಮುಖದಲ್ಲಿ ಮೊದಲೇ ಬಿದ್ದಿದ್ದವು. ಅವಕ್ಕೆ ಯಾವ ಸೀಸೆಯ ಎಣ್ಣೆಯನ್ನು ಹಚ್ಚೋಣ?

ಸೀಸೆಯನ್ನು ಏನು ಮಾಡಿದಿರಿ ಎಂದು ಮಕ್ಕಳು ಕೇಳಬಹುದು. ಬೀಸಾಡಲಿಲ್ಲ, ಸುಳ್ಳು ಹೇಳಲಾರೆವು. ವೈದ್ಯರಿಗೆ ತೋರಿಸಿ, ಕಿವಿಯ ಹಿಂದೆ ಸ್ವಲ್ಪ ಹಚ್ಚಿ ನಾಲ್ಕು ದಿನ ನೋಡಿ, ಆಮೇಲೆ ಬಳಸಿದೆವು. ಗೆರೆಗಳು ಹಾಗೆಯೇ ಇವೆ. ಚರ್ಮ ಕೊಂಚ ನುಣುಪಾಗಿದೆ ಎಂದು ಅಕ್ಕನ ಮಗಳು ಹೇಳುತ್ತಾಳೆ. ಅವಳು ತಂದುಕೊಟ್ಟದ್ದಲ್ಲವೇ, ಹಾಗೆ ಹೇಳಲೇಬೇಕು. ಆದರೆ ಈಗ ನಾವು ಶಾಲೆಗೆ ಬರುವಾಗ ಕೊಡೆ ತರುತ್ತೇವೆ, ಹೊಲಕ್ಕೆ ಹೋಗುವ ಹುಡುಗಿಯರಿಗೆ ಸೆರಗನ್ನೋ ಓಢಣಿಯನ್ನೋ ಹಣೆ ಮುಚ್ಚುವಂತೆ ಹೊದ್ದುಕೊಳ್ಳಿರಿ ಎಂದು ಹೇಳುತ್ತೇವೆ. ಅದಕ್ಕೆ ಆರುನೂರು ರೂಪಾಯಿ ಬೇಕಿಲ್ಲ.

ಹುಡುಗಿಯ ಗಾಯ ಮೂರು ವಾರದಲ್ಲಿ ಮಾಗಿತು. ಎರಡೂ ಕೆನ್ನೆಯ ಮೇಲೆ ಕಪ್ಪು ಪಟ್ಟೆ ಉಳಿಯಿತು. ಮೊದಲು ಒಂದು ವಾರ ಅವಳು ಕೊನೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಳು. ಒಂದು ದಿನ ನಾವು ವ್ಯಾಕರಣದ ಪುಸ್ತಕ ಮುಚ್ಚಿಟ್ಟು, ಅದೇ ವರ್ಗದ ಮುಂದೆ, ಅಂದು ಗಂಟೆ ಹೊಡೆದಾಗ ಬಿಟ್ಟುಹೋದ ಪಾಠವನ್ನು ಪೂರ್ತಿ ಮಾಡಿದೆವು. ಅವ್ವನ ಕೈಯ ಕಥೆಯನ್ನು ಹೇಳಿದೆವು. ತಪ್ಪು ಕೇಳಿದವಳದಲ್ಲ, ಹೇಳಿದವರದು ಎಂದೆವು. ಶಿಕ್ಷಕರು ಹೀಗೆ ಹೇಳುವುದು ಮಕ್ಕಳಿಗೆ ಹೊಸತು, ವರ್ಗ ಸುಮ್ಮನಾಯಿತು. ಆಮೇಲೆ ಅವಳು ನಿಧಾನವಾಗಿ ಎದ್ದು ನಿಂತು, "ಅಕ್ಕೋರ, ಮತ್ತ ನಿಮ್ಮ ಅವ್ವಗ ಯಾರು ಹೇಳಬೇಕಾಗಿತ್ತರಿ?" ಎಂದು ಕೇಳಿದಳು. ಉತ್ತರ ನಮ್ಮ ಬಳಿ ಇರಲಿಲ್ಲ. ಆದರೆ ಅವಳು ತಲೆ ಎತ್ತಿ ಕೇಳಿದ್ದೇ ನಮಗೆ ಸಾಕಾಯಿತು. ಮಳೆಗಾಲ ಬರುವ ಹೊತ್ತಿಗೆ ಕೆನ್ನೆಯ ಪಟ್ಟೆ ಮಾಸಿತು. ಹತ್ತಿರದಿಂದ ನೋಡಿದರೆ ಈಗಲೂ ನೆರಳಿನಷ್ಟು ಕಾಣುತ್ತದೆ.

ಈ ವರ್ಷದ ವಿಜ್ಞಾನ ಪ್ರದರ್ಶನದಲ್ಲಿ ಅವಳು ಬಾವಂಚಿಯ ಗಿಡವನ್ನು ಬೇರುಸಹಿತ ಒಣಗಿಸಿ ರಟ್ಟಿಗೆ ಅಂಟಿಸಿದ್ದಳು. ಮೇಲೆ ಕನ್ನಡ, ಮರಾಠಿ ಎರಡರಲ್ಲೂ ಹೆಸರು. ಕೆಳಗೆ ತನ್ನ ಅಕ್ಷರದಲ್ಲಿ ಮೂರು ಸಾಲು: "ಬೀಜದಲ್ಲಿ ಔಷಧ ಇದೆ. ಬಿಸಿಲಿನಲ್ಲಿ ಸುಡುತ್ತದೆ. ವೈದ್ಯರನ್ನು ಕೇಳದೆ ಹಚ್ಚಬಾರದು." ನಾವು ಈ ಲೇಖನದಲ್ಲಿ ಇಷ್ಟು ಪುಟ ತುಂಬಿ ಹೇಳಿದ್ದು ಆ ಮೂರು ಸಾಲಿಗಿಂತ ಹೆಚ್ಚೇನೂ ಅಲ್ಲ.

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಮುಂದಿನ ವರ್ಷವೂ ಮಕ್ಕಳಿಗೆ ಬರೆಯಲು ಕೊಡುವೆವು. ಸಮೀಪದಲ್ಲಿರುವುದನ್ನು ಕಡೆಗಣಿಸಬಾರದು ಎಂದು ಬರೆದವರಿಗೆ ಎಂದಿನಂತೆ ಏಳು ಅಂಕ. ಸಮೀಪದಲ್ಲಿದೆಯೆಂದು, ನಮ್ಮದೆಂದು, ಅಳತೆ ಕೇಳದೆ ಬಾಯಿಗೂ ಮೈಗೂ ಹಚ್ಚಬಾರದು ಎಂದು ಯಾರಾದರೂ ಬರೆದರೆ ಹತ್ತಕ್ಕೆ ಹತ್ತು. ಗಂಟೆ ಹೊಡೆದರೂ ಆ ಎರಡನೆಯ ಭಾಗವನ್ನು ಹೇಳಿ ಮುಗಿಸಿಯೇ ವರ್ಗದಿಂದ ಹೊರಬೀಳುವುದೆಂದು ನಾವು ನಿಶ್ಚಯಿಸಿದ್ದೇವೆ. ಎಂದಾದರೂ ಮರೆತರೆ, ಮಕ್ಕಳೇ, ಬಾಗಿಲಿಗೆ ಅಡ್ಡ ನಿಂತು ಕೇಳಿರಿ.